ಹನ್ನೆರಡು ಸೀಟು ತುಂಬದ ಲಾಬಿ

ಕೆಲವು ವರ್ಷಗಳ ಹಿಂದೆ ಒಂದು ಶೂಟಿಂಗ್ ಗೇಮ್‌ಗೆ ದುಡ್ಡು ಕೊಟ್ಟು ಮೂರು ಹೊಸ ಮ್ಯಾಪ್, ಅಂದರೆ ಆಟ ನಡೆಯುವ ಮೂರು ಹೊಸ ಅಖಾಡ, ಕೊಂಡೆ. ಡೌನ್‌ಲೋಡ್ ಮುಗಿಯುವ ಹೊತ್ತಿಗೆ ರಾತ್ರಿ ಹನ್ನೊಂದು. ಆಸೆಯಿಂದ ಬಟನ್ ಒತ್ತಿದೆ. ಆಟಗಾರರನ್ನು ಹುಡುಕುತ್ತಿದ್ದೇವೆ ಅಂತ ಬಂತು. ಬೇಕಾದದ್ದು ಹನ್ನೆರಡು ಜನ, ಇದ್ದದ್ದು ಇಬ್ಬರು: 2/12. ಸ್ವಲ್ಪ ಹೊತ್ತಿಗೆ 3/12. ಆಮೇಲೆ ಮತ್ತೆ 2/12. ಕಾಲು ಗಂಟೆ ಕಾದು ಬೇಸತ್ತು ಹಳೇ ಮ್ಯಾಪ್‌ಗಳ ಕಡೆ ಹೋದೆ. ಅಲ್ಲಿ ಹತ್ತೇ ಸೆಕೆಂಡಿಗೆ ಆಟ ಶುರು! ದುಡ್ಡು ಕೊಟ್ಟವನಿಗೆ ಖಾಲಿ ಕೋಣೆ, ಕೊಡದವನಿಗೆ ಜಾತ್ರೆ. ಗೇಮ್ ಮಾಡಿದವರನ್ನು ಬೈದುಕೊಂಡು ಮಲಗಿದೆ. ಆಮೇಲೊಂದು ದಿನ ಪೆನ್ನು ಹಿಡಿದು ಲೆಕ್ಕ ಹಾಕಿದಾಗ, ಹಾಗಾಗದೇ ಇದ್ದಿದ್ದರೇ ಆಶ್ಚರ್ಯ ಅನ್ನಿಸಿತು.

ಸೀಟು ತುಂಬುವ ತನಕ ಹೊರಡದ ಮ್ಯಾಕ್ಸಿ ಕ್ಯಾಬ್ ನೋಡಿದ್ದೀರಲ್ಲ? ಆನ್‌ಲೈನ್ ಆಟದಲ್ಲಿ ಆಟಗಾರರನ್ನು ಜೋಡಿಸುವ ಮ್ಯಾಚ್‌ಮೇಕಿಂಗ್ ಕೂಡ ಹೆಚ್ಚುಕಡಿಮೆ ಹಾಗೇ. ಲಾಬಿ ಅನ್ನುವ ಕಾಯುವ ಕೋಣೆಯಲ್ಲಿ 12 ಜನ ಸೇರಬೇಕು, ಆಮೇಲೆ ಗಾಡಿ ಹೊರಡುತ್ತದೆ. ಆದರೆ ಇಲ್ಲಿಯ ಕಂಡಕ್ಟರ್ ಸ್ವಲ್ಪ ಜಾಸ್ತಿ ಕಿರಿಕಿರಿ. ಸಿಕ್ಕಿದವರನ್ನೆಲ್ಲ ಹತ್ತಿಸಿಕೊಳ್ಳುವುದಿಲ್ಲ.

ಅವನು ಮೊದಲು ನೋಡುವುದು ದೂರ. ಫೈಬರ್ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಬೆಂಗಳೂರಿಂದ ಸಿಂಗಪುರ ನೇರ ಗೆರೆ ಎಳೆದರೂ 3,000 ಕಿಲೋಮೀಟರಿಗಿಂತ ಜಾಸ್ತಿ. ಆಟದ ಸಂದೇಶ ಹೋಗಿ ಬರಲು 30 ಮಿಲಿಸೆಕೆಂಡಾದರೂ ಬೇಕು. ಯಾವ ಕಂಪನಿ ಎಷ್ಟು ಖರ್ಚು ಮಾಡಿದರೂ ಇದಕ್ಕಿಂತ ಕೆಳಗೆ ಇಳಿಸಲು ಆಗುವುದಿಲ್ಲ. ನಿಜವಾದ ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ಪಿಂಗ್, ಅಂದರೆ ಹೀಗೆ ಹೋಗಿ ಬರುವ ಸಮಯ, ಇನ್ನೂ ಏರುತ್ತದೆ. ಹಾಗಾಗಿ ಹತ್ತಿರದವರನ್ನೇ ಸೇರಿಸಬೇಕು.

ಎರಡನೆಯದು ಆಟದ ಮಟ್ಟ. 2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360ಗಾಗಿ ಕೇಂಬ್ರಿಜ್‌ನ ಮೈಕ್ರೋಸಾಫ್ಟ್ ರಿಸರ್ಚ್ ‘ಟ್ರೂಸ್ಕಿಲ್’ ಅನ್ನುವ ಲೆಕ್ಕ ತಯಾರಿಸಿತು. ಚೆಸ್ ಆಟಗಾರರ ಮಟ್ಟ ಅಳೆಯುವ ಎಲೋ ರೇಟಿಂಗ್‌ನ ದಾಯಾದಿ ಅನ್ನಿ. ಪ್ರತಿ ಆಟಗಾರನಿಗೂ ಎರಡು ಸಂಖ್ಯೆ. ಒಂದು, ಇವನ ಮಟ್ಟ ಇಷ್ಟಿರಬಹುದು ಅನ್ನುವ ಅಂದಾಜು. ಇನ್ನೊಂದು, ಆ ಅಂದಾಜಿನಲ್ಲಿ ಎಷ್ಟು ಅನುಮಾನ ಉಳಿದಿದೆ ಅನ್ನುವ ಅಳತೆ. ಆಡಿದಷ್ಟೂ ಎರಡನೆಯದು ಚಿಕ್ಕದಾಗುತ್ತಾ ಹೋಗುತ್ತದೆ. ಸಮಬಲರು ಎದುರಾದರೆ ಮಾತ್ರ ಆಟಕ್ಕೆ ರುಚಿ. ಜತೆಗೆ ಯಾವ ಬಗೆಯ ಆಟ ಬೇಕು ಅನ್ನುವುದೂ ಎಲ್ಲರದ್ದೂ ಒಂದೇ ಇರಬೇಕು.

ಇಷ್ಟೆಲ್ಲ ಷರತ್ತಿನ ಮೇಲೆ ಇನ್ನೊಂದನ್ನು ಸೇರಿಸಿ: ಹನ್ನೆರಡೂ ಜನ ಒಂದೇ ಮ್ಯಾಪ್ ಪ್ಯಾಕ್ (ಒಟ್ಟಿಗೆ ಮಾರುವ ಹೊಸ ಮ್ಯಾಪ್‌ಗಳ ಕಟ್ಟು) ಕೊಂಡಿರಬೇಕು.

2014ರ ಮಾರ್ಚ್‌ನಲ್ಲಿ ಬಂದ ‘ಟೈಟನ್‌ಫಾಲ್’ ಇದಕ್ಕೆ ಒಳ್ಳೇ ಉದಾಹರಣೆ. ಆರು ಜನರ ಎದುರು ಆರು ಜನ. ಒಂಟಿಯಾಗಿ ಆಡಲು ಬೇರೆ ಕಥೆಯೇ ಇಲ್ಲ, ಎಲ್ಲ ಆನ್‌ಲೈನ್. ಆ ವರ್ಷವೇ ಮೂರು ಮ್ಯಾಪ್ ಪ್ಯಾಕ್ ಬಂದವು, ಒಂದೊಂದರಲ್ಲಿ ಮೂರು ಮ್ಯಾಪ್. ಮೂರೂ ಬೇಕೆಂದರೆ ಆಗ ಸುಮಾರು 25 ಡಾಲರಿನ ಸೀಸನ್ ಪಾಸ್ ಇತ್ತು.

ಈಗ ಲೆಕ್ಕಕ್ಕೆ ಬನ್ನಿ. ಆಟಗಾರರಲ್ಲಿ ಅರ್ಧ ಜನ ಪ್ಯಾಕ್ ಕೊಂಡಿದ್ದಾರೆ ಅಂದುಕೊಳ್ಳಿ. ಕಣ್ಣು ಮುಚ್ಚಿ 12 ಜನರನ್ನು ಆರಿಸಿದರೆ ಎಲ್ಲರ ಹತ್ತಿರವೂ ಅದು ಇರುವ ಸಾಧ್ಯತೆ ಎಷ್ಟು? ಹನ್ನೆರಡು ಅರ್ಧಗಳನ್ನು ಒಂದಕ್ಕೊಂದು ಗುಣಿಸಿ. 4,096ರಲ್ಲಿ ಒಂದು! ಶೇ. 30 ಜನ ಕೊಂಡಿದ್ದರೆ ಸುಮಾರು 19 ಲಕ್ಷದಲ್ಲಿ ಒಂದು. ಸರಿ, ಪ್ಯಾಕ್ ಭರ್ಜರಿಯಾಗಿ ಮಾರಾಟವಾಗಿ ಶೇ. 90 ಜನ ಕೊಂಡರು ಅನ್ನೋಣ. ಆಗಲೂ ಶೇ. 28 ಮಾತ್ರ. ನಾನು ಎರಡು ಸಲ ಕ್ಯಾಲ್ಕುಲೇಟರ್ ಒತ್ತಿ ನೋಡಿದೆ. ಹತ್ತರಲ್ಲಿ ಒಂಬತ್ತು ಜನ ಕೊಂಡಿದ್ದರೂ, ನಾಲ್ಕು ಲಾಬಿಯಲ್ಲಿ ಸುಮಾರು ಮೂರರಲ್ಲಿ ಒಬ್ಬರಾದರೂ ಕೊಳ್ಳದವರು ಇದ್ದೇ ಇರುತ್ತಾರೆ.

ಆ ಒಬ್ಬರ ಮಷೀನಿನಲ್ಲಿ ಮ್ಯಾಪ್ ತೆರೆಯುವುದಿಲ್ಲ. ಹಾಗಾಗಿ ಎಲ್ಲರನ್ನೂ ಬೆರೆಸಿ, ಎಲ್ಲರ ಹತ್ತಿರ ಇರುವ ಹಳೇ ಮ್ಯಾಪನ್ನೇ ಹಾಕಬೇಕು. ಆಗ ಲಾಬಿ ತುಂಬುತ್ತದೆ, ಆದರೆ ಕೊಂಡವನಿಗೆ ತಾನು ಕೊಂಡದ್ದು ಕಾಣುವುದೇ ಅಪರೂಪ. ಇಲ್ಲವಾದರೆ ಕೊಂಡವರಿಗೆಂದೇ ಬೇರೆ ಪ್ಲೇಲಿಸ್ಟ್, ಅಂದರೆ ಬೇರೆ ಸಾಲು, ಮಾಡಬೇಕು. ನಾನು ಕಾಲು ಗಂಟೆ ಕೂತಿದ್ದು ಅಲ್ಲೇ.

ಆ ಕಾಯುವಿಕೆ ಹೇಗೆ ಬೆಳೆಯುತ್ತದೆ ನೋಡಿ. ನಮ್ಮ ಭಾಗದಲ್ಲಿ ಸೆಕೆಂಡಿಗೆ ಒಬ್ಬರು ಸಾಲಿಗೆ ಬಂದು ಸೇರುತ್ತಾರೆ ಅನ್ನೋಣ. 12 ಸೆಕೆಂಡಿಗೆ ಲಾಬಿ ಭರ್ತಿ. ಅವರನ್ನು ಐದು ಬಗೆಯ ಆಟಕ್ಕೆ, ಪ್ರತಿ ಆಟದಲ್ಲೂ ಐದು ಮಟ್ಟಕ್ಕೆ ಸಮವಾಗಿ ಹಂಚಿದರೆ ಒಂದೊಂದು ಸಾಲಿಗೆ 25 ಸೆಕೆಂಡಿಗೆ ಒಬ್ಬರು. ಲಾಬಿ ತುಂಬಲು 5 ನಿಮಿಷ. ಇನ್ನು ಅವರಲ್ಲಿ ಹತ್ತಕ್ಕೆ ಒಬ್ಬರ ಹತ್ತಿರ ಮಾತ್ರ ಪ್ಯಾಕ್ ಇದ್ದರೆ? 50 ನಿಮಿಷ. ಅಷ್ಟು ಹೊತ್ತು ಯಾರು ಕಾಯ್ತಾರೆ? ಹಾಗಾಗಿ ಕಂಡಕ್ಟರ್ ಷರತ್ತು ಸಡಿಲ ಮಾಡುತ್ತಾನೆ. ನಿನ್ನೆ ಆಟ ಕಲಿತವನನ್ನೂ ಪಳಗಿದವನನ್ನೂ ಒಟ್ಟಿಗೆ ಕೂರಿಸುತ್ತಾನೆ. ಪಿಂಗ್ 40 ಇರುವವನ ಎದುರು 200 ಇರುವವನನ್ನು ತಂದು ನಿಲ್ಲಿಸುತ್ತಾನೆ. ಒಬ್ಬನಿಗೆ ಸೋತು ಸೋತು ಸಾಕಾಗುತ್ತದೆ, ಇನ್ನೊಬ್ಬನಿಗೆ ಆಟ ತಡವರಿಸುವ ಲ್ಯಾಗ್. ಇಬ್ಬರೂ ಎದ್ದು ಹೋಗುತ್ತಾರೆ. ಸಾಲು ಇನ್ನೂ ತೆಳ್ಳಗಾಗುತ್ತದೆ, ಉಳಿದವರು ಇನ್ನೂ ಕಾಯಬೇಕು. ಅಮೆರಿಕದಂಥ ಕಡೆ ಜನ ಜಾಸ್ತಿ, ಈ ಪೆಟ್ಟು ತಡವಾಗಿ ಬೀಳುತ್ತದೆ. ಆಡುವವರೇ ಕಡಿಮೆ ಇರುವ ಕಡೆ ಮೊದಲ ವಾರವೇ ಬೀಳುತ್ತದೆ.

ಪ್ಯಾಕ್ ಒಂದೇ ಆದರೆ ಇಷ್ಟು. ಮೂರಾದರೆ, ಯಾರ ಹತ್ತಿರ ಯಾವುದಿದೆ ಅನ್ನುವುದರ ಮೇಲೆ ಎಂಟು ಬಗೆಯ ಆಟಗಾರರು. ಐದಾದರೆ 32 ಬಗೆ. ‘ಬ್ಯಾಟಲ್‌ಫೀಲ್ಡ್ 3’ಕ್ಕೆ ಐದು ಬಂದಿದ್ದವು.

ಇನ್ನು ಗೆಳೆಯರ ಗುಂಪಿನ ಪಾಡು ಕೇಳಲೇಬೇಡಿ. ನಾಲ್ವರಲ್ಲಿ ಒಬ್ಬ ಕೊಂಡಿಲ್ಲ ಅಂದರೆ ನಾಲ್ವರಿಗೂ ಬಾಗಿಲು ಬಂದ್. ‘ನೀನೂ ತಗೊಳ್ಳೋ ಮಾರಾಯಾ’ ಅಂತ ಮಿಕ್ಕವರೇ ಪೀಡಿಸುತ್ತಾರೆ. ಈ ಪೀಡನೆಯನ್ನೇ ನಂಬಿ ವ್ಯಾಪಾರ ನಡೆದಿರಬೇಕು ಅಂತ ನನ್ನ ಗುಮಾನಿ.

ಕಂಪನಿಗಳಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ‘ಹೇಲೋ 3’ರ ಮೊದಲ ಪ್ಯಾಕ್ 2007ರ ಡಿಸೆಂಬರ್‌ನಲ್ಲಿ ಮಾರಾಟಕ್ಕೆ ಬಂತು. 2008ರ ಮಾರ್ಚ್‌ನಲ್ಲಿ, ಮುಂದಿನ ಪ್ಯಾಕ್ ಬರುವ ಮೊದಲು, ಅದನ್ನು ಉಚಿತ ಮಾಡಿದರು. ಹಳೇದನ್ನು ಹಂಚಿದರೆ ಸಾಲು ಮತ್ತೆ ಕೂಡಿಕೊಳ್ಳುತ್ತದೆ ಅನ್ನುವ ಉಪಾಯ. 2016ರ ‘ಗೇರ್ಸ್ ಆಫ್ ವಾರ್ 4’ ಇನ್ನೂ ಜಾಣತನ ಮಾಡಿತು. ಸಾರ್ವಜನಿಕ ಆಟದಲ್ಲಿ ಹೊಸ ಮ್ಯಾಪ್ ಎಲ್ಲರಿಗೂ ಉಚಿತ, ಖಾಸಗಿಯಾಗಿ ನೀವೇ ಆಟ ಏರ್ಪಡಿಸಬೇಕಾದರೆ ಮಾತ್ರ ದುಡ್ಡು. 2017ರಲ್ಲಿ ‘ಬ್ಯಾಟಲ್‌ಫೀಲ್ಡ್ 1’ ಪ್ರೀಮಿಯಂ ಪಾಸ್ ಇದ್ದವನು ಇಲ್ಲದ ಗೆಳೆಯರನ್ನೂ ಜತೆಗೆ ಕರೆದೊಯ್ಯಲು ಬಿಟ್ಟಿತು. ಟೈಟನ್‌ಫಾಲ್ ತಂಡವೋ, ಎರಡನೇ ಆಟಕ್ಕೆ ಮ್ಯಾಪ್ ಮಾರುವುದನ್ನೇ ಕೈಬಿಟ್ಟಿತು. 2019ರಲ್ಲಿ ‘ಕಾಲ್ ಆಫ್ ಡ್ಯೂಟಿ’ಯೂ ಅದೇ ದಾರಿ ಹಿಡಿಯಿತು.

ಬಿಟ್ಟ ದುಡ್ಡು ಎಲ್ಲಿಂದಾದರೂ ಬರಬೇಕಲ್ಲ. ಆಯುಧ, ಪಾತ್ರಗಳ ಬಣ್ಣ ಬದಲಿಸುವ ಸ್ಕಿನ್, ಆಡಿದಷ್ಟೂ ಬಹುಮಾನ ಕೊಡುವ ಬ್ಯಾಟಲ್ ಪಾಸ್, ಒಳಗೇನಿದೆ ಅಂತ ತಿಳಿಯದ ಲೂಟ್ ಬಾಕ್ಸ್ ಬಂದವು. 2018ರಲ್ಲಿ ಬೆಲ್ಜಿಯಂ ಕೆಲವು ಆಟಗಳ ಲೂಟ್ ಬಾಕ್ಸ್ ಜೂಜೇ ಸರಿ ಅಂದಿತು. ಆದರೆ ಮ್ಯಾಚ್‌ಮೇಕಿಂಗ್ ಕಣ್ಣಿಂದ ನೋಡಿದರೆ ಸ್ಕಿನ್ ನಿರುಪದ್ರವಿ. ನನ್ನ ಬಂದೂಕಿಗೆ ಚಿನ್ನದ ಬಣ್ಣ ಇದ್ದರೆ ನಿಮ್ಮ ಬಂದೂಕಿಗೂ ಇರಬೇಕಿಲ್ಲ ಅಲ್ವಾ? ಇಬ್ಬರೂ ಒಂದೇ ಗಾಡಿ ಹತ್ತಬಹುದು.

2019ರ ಅದೇ ‘ಕಾಲ್ ಆಫ್ ಡ್ಯೂಟಿ’ ಪಿಸಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮೂರರವರನ್ನೂ ಒಟ್ಟಿಗೆ ಆಡಿಸಿತು. ಇಷ್ಟು ದಿನ ಭಾಗಿಸುತ್ತಿದ್ದ ಲೆಕ್ಕದಲ್ಲಿ ಇದು ಕೂಡುವ ಲೆಕ್ಕ. ಆದರೂ ಅದರಲ್ಲಿ ಪ್ಲೇಲಿಸ್ಟ್‌ಗಳು ಆಗಾಗ ಬದಲಾಗುತ್ತಲೇ ಇದ್ದವು. ಹೊಸದೊಂದು ಒಳಗೆ ಬಂದಾಗ ಹಳೆಯದೊಂದು ಮಾಯ. ಇಷ್ಟದ ಆಟವನ್ನು ಯಾಕೆ ತೆಗೆದರು ಅಂತ ಗೆಳೆಯನೊಬ್ಬ ರೇಗಾಡುತ್ತಿದ್ದ. ಮ್ಯಾಪ್ ಉಚಿತವಾದರೂ, ಎಲ್ಲ ಬಗೆಯ ಆಟವನ್ನೂ ಒಟ್ಟಿಗೆ ತೆರೆದಿಟ್ಟರೆ ಇರುವ ಜನ ಮತ್ತೆ ಹಂಚಿಹೋಗುತ್ತಾರೆ. ಅವನ ಕೈಗೂ ಕ್ಯಾಲ್ಕುಲೇಟರ್ ಕೊಟ್ಟೆ.