ಪದ ಪರಿಚಯ: ಸೋಗುಗಾರಿಕೆ

ಇನ್ನೊಬ್ಬನ ಹೆಸರು, ಸಂಬಂಧ ಮತ್ತು ಆಸ್ತಿಯನ್ನು ತನ್ನವೆಂದು ಹೇಳಿಕೊಂಡು ಅವನ ಸ್ಥಾನದಲ್ಲಿ ಬಾಳುವುದೇ ಸೋಗುಗಾರಿಕೆ. 16ನೆಯ ಶತಮಾನದ ಫ್ರಾನ್ಸಿನ ರೈತರ ನಡುವೆ ಇದು ಎಷ್ಟು ಗಂಭೀರವಾದ ಅಪರಾಧವಾಗಿತ್ತು ಎಂಬುದನ್ನು ತಿಳಿಯಲು, ಆ ಕಾಲದಲ್ಲಿ ಮನುಷ್ಯನ ಗುರುತು ಯಾವುದರ ಮೇಲೆ ನಿಂತಿತ್ತು ಎಂಬುದನ್ನು ಮೊದಲು ಗಮನಿಸಬೇಕು. ಭಾವಚಿತ್ರವಾಗಲಿ ಗುರುತಿನ ಚೀಟಿಯಾಗಲಿ ಇಲ್ಲದ ಊರುಗಳಲ್ಲಿ ಒಬ್ಬನು ಯಾರ ಮಗ, ಯಾರ ಗಂಡ, ಯಾವ ಜಮೀನಿನ ವಾರಸುದಾರ ಎಂಬ ಊರವರ ನೆನಪೇ ಅವನ ಗುರುತಾಗಿತ್ತು. ಹಾಗಾಗಿ ಮುಖ ಹೋಲಿದರಷ್ಟೇ ಸಾಲದು. ಸೋಗುಗಾರನು ಆ ನೆನಪಿನೊಳಗೆ ಸೇರಿಕೊಳ್ಳಬೇಕಿತ್ತು.

ನೈಋತ್ಯ ಫ್ರಾನ್ಸಿನ ಆರ್ತಿಗಾ ಎಂಬ ಹಳ್ಳಿಯ ಮಾರ್ಟಿನ್ ಗೇರ್ ಪ್ರಕರಣ ಇದಕ್ಕೆ ಅತ್ಯಂತ ಪ್ರಸಿದ್ಧ ಉದಾಹರಣೆ. ಎಳೆಯ ವಯಸ್ಸಿನಲ್ಲೇ ಬೆರ್ತ್ರಾಂದ್ ಎಂಬಾಕೆಯೊಂದಿಗೆ ಮದುವೆಯಾಗಿದ್ದ ಮಾರ್ಟಿನ್, ತಂದೆಯ ಧಾನ್ಯ ಕದ್ದ ಆರೋಪ ಬಂದಾಗ, 1548ರಲ್ಲಿ, ಹೆಂಡತಿಯನ್ನೂ ಹಸುಗೂಸನ್ನೂ ಬಿಟ್ಟು ಕಾಣೆಯಾದನು. ಬೆರ್ತ್ರಾಂದ್ ಅತ್ತ ಸುಮಂಗಲಿಯೂ ಅಲ್ಲದ, ಇತ್ತ ವಿಧವೆಯೂ ಅಲ್ಲದ ಸ್ಥಿತಿಯಲ್ಲಿ ಉಳಿದಳು; ಏಕೆಂದರೆ ಗಂಡ ಸತ್ತನೆಂಬುದಕ್ಕೆ ಖಚಿತ ಸಾಕ್ಷ್ಯವಿಲ್ಲದೆ, ಎಷ್ಟು ವರ್ಷ ಕಳೆದರೂ, ಚರ್ಚಿನ ಕಾನೂನು ಮರುಮದುವೆಗೆ ಒಪ್ಪುತ್ತಿರಲಿಲ್ಲ. 1556ರಲ್ಲಿ ಆರ್ನೋ ದ್ಯು ತಿಲ್ ಎಂಬಾತ ತಾನೇ ಮಾರ್ಟಿನ್ ಎಂದು ಬಂದಾಗ, ಹಳೆಯ ಸಂಗತಿಗಳನ್ನು ಅವನು ಹೇಳಿದ ಬಗೆಗೆ ಮನಸೋತ ಮನೆಯವರೂ ಊರವರೂ ಅವನನ್ನು ಒಪ್ಪಿಕೊಂಡರು. ಅವನು ಮೂರು ವರ್ಷಕ್ಕೂ ಹೆಚ್ಚು ಕಾಲ ಸಂಸಾರ ಮಾಡಿದನು.

ಬಿರುಕು ಮೂಡಿದ್ದು ಆಸ್ತಿಯ ವಿಚಾರದಲ್ಲಿ. ತಾನು ನೋಡಿಕೊಂಡಿದ್ದ ಜಮೀನಿನ ಲೆಕ್ಕವನ್ನು ಅಣ್ಣನ ಮಗ ಕೇಳತೊಡಗಿದಾಗ ಚಿಕ್ಕಪ್ಪ ಪಿಯೇರ್ ಇವನು ಮಾರ್ಟಿನ್ ಅಲ್ಲವೆಂದು ದಾವೆಗೆ ನಿಂತನು. ರಿಯೂ ಪಟ್ಟಣದ ವಿಚಾರಣೆಗೆ ಬಂದ ಸುಮಾರು 150 ಸಾಕ್ಷಿಗಳಲ್ಲಿ ಅನೇಕರಿಗೆ ಯಾವ ಕಡೆಗೂ ಹೇಳಲಾಗಲಿಲ್ಲ. ಮಾರ್ಟಿನ್‌ನ ಪಾದದ ಅಳತೆ 12, ಈತನದು 9 ಎಂದು ಊರಿನ ಚಮ್ಮಾರ ನುಡಿದನು; ಇಡೀ ಮೊಕದ್ದಮೆಯಲ್ಲಿ ನೆನಪನ್ನು ಮೀರಿದ ಪುರಾವೆ ಎನ್ನಬಹುದಾದದ್ದು ಇಂಥ ಬೆರಳೆಣಿಕೆಯ ಮಾತುಗಳೇ. ತುಲೂಸಿನ ಮೇಲ್ಮನವಿಯಲ್ಲಿ ಆರೋಪಿ ಬಿಡುಗಡೆಯಾಗುವ ಹಂತಕ್ಕೆ ಬಂದಿದ್ದಾಗ, ಸ್ಪೇನಿನ ಸೇನೆಯಲ್ಲಿ ಒಂದು ಕಾಲು ಕಳೆದುಕೊಂಡಿದ್ದ ನಿಜವಾದ ಮಾರ್ಟಿನ್ ಮರಗಾಲಿನ ಮೇಲೆ ಹಾಜರಾದನು. 1560ರ ಸೆಪ್ಟೆಂಬರಿನಲ್ಲಿ ಆರ್ನೋನನ್ನು ಮಾರ್ಟಿನ್‌ನ ಮನೆಯ ಎದುರೇ ಗಲ್ಲಿಗೇರಿಸಲಾಯಿತು.

ತೀರ್ಪು ಅವನನ್ನು ಸುಳ್ಳು ಹೆಸರು ಧರಿಸಿದ್ದಕ್ಕಷ್ಟೇ ದಂಡಿಸಲಿಲ್ಲ; ವ್ಯಭಿಚಾರ, ಪವಿತ್ರ ಸಂಸ್ಕಾರದ ಅಪಚಾರ, ಕಳವುಗಳನ್ನೂ ಸೇರಿಸಿತು, ಏಕೆಂದರೆ ಒಬ್ಬನ ಸ್ಥಾನವನ್ನು ಕದ್ದವನು ಅವನ ಮದುವೆಯನ್ನೂ ಮನೆಯನ್ನೂ ಕದ್ದಂತೆಯೇ. ಬೆರ್ತ್ರಾಂದ್‌ಗೆ ನಿಜ ತಿಳಿದಿತ್ತೇ ಎಂಬುದು ಇತಿಹಾಸಕಾರರಲ್ಲಿ ಇಂದಿಗೂ ವಾದದ ವಿಷಯ. ಗಂಡನ ಸ್ಪರ್ಶ ಬಲ್ಲ ಹೆಣ್ಣು ಅಷ್ಟು ದಿನ ಮೋಸಹೋದಳೆಂದು ನಂಬುವುದು ನನಗೆ ಕಷ್ಟ. ನ್ಯಾಯಾಲಯ ಮಾತ್ರ ಅವಳು ಸದ್ಭಾವನೆಯಿಂದ ನಡೆದಳೆಂದು ಒಪ್ಪಿತು. ಆ ಕಾರಣಕ್ಕೇ, ಸೋಗುಗಾರನಿಗೆ ಅವಳಲ್ಲಿ ಹುಟ್ಟಿದ ಮಗಳು ಔರಸ ಸಂತಾನವೆಂದು ಪರಿಗಣಿತಳಾಗಿ, ಆರ್ನೋನ ಸ್ವಂತ ಆಸ್ತಿಗೆ ಹಕ್ಕುದಾರಳಾದಳು.