ಬೋರರ್ ಹುಳದ ಔಷಧಿ ಯಾವ ಅಂಗಡೀಲಿ ಸಿಗುತ್ತೆ?

ಸೆಪ್ಟೆಂಬರ್ ಕೊನೇಲಿ ಸಕಲೇಶಪುರದ ಕಡೆ ಚಿಕ್ಕಪ್ಪನ ಕಾಫಿ ತೋಟಕ್ಕೆ ಹೋಗಿದ್ದೆ, ಬೋರರ್ ಟ್ರೇಸಿಂಗ್, ಅಂದ್ರೆ ಕಾಂಡ ಕೊರೆಯೋ ಹುಳ ಬಿದ್ದ ಗಿಡ ಹುಡುಕೋ ಕೆಲಸ, ನಡೀತಿತ್ತು. ಒಂದು ಅರೇಬಿಕಾ ಗಿಡದ ಎಲೆ ಹಳದಿಯಾಗಿ ಜೋತುಬಿದ್ದಿತ್ತು, ಕಾಂಡ ಸವರಿದ್ರೆ ಏಣು ಏಣಾಗಿ ಕೈಗೆ ಸಿಗ್ತಿತ್ತು. ಚಿಕ್ಕಪ್ಪ ಗಿಡ ಕೀಳಿಸಿ ಕತ್ತೀಲಿ ಕಾಂಡ ಸೀಳಿದ್ರು. ಒಳಗೆ ಪೆನ್ಸಿಲ್ ತೂರೋಷ್ಟು ಸುರಂಗ, ಆದ್ರೆ ಖಾಲಿ ಇಲ್ಲ, ಹುಳ ತಿಂದು ಹಿಂದೆ ಬಿಟ್ಟ ಮರದ ಹಿಟ್ಟು ಉಗುರಲ್ಲಿ ಕೆರೆದ್ರೂ ಉದುರದಷ್ಟು ಗಟ್ಟಿಯಾಗಿ ತುಂಬ್ಕೊಂಡಿತ್ತು. "ಇಷ್ಟೆಲ್ಲಾ ಸೈನ್ಸ್ ಓದ್ತೀಯಲ್ಲೋ, ಇದಕ್ಕೊಂದು ಔಷಧಿ ಕಂಡುಹಿಡಿಯಕ್ಕಾಗಲ್ವಾ?" ಅಂದ್ರು.

ಈ ಪ್ರಶ್ನೆ ಹಾಸನ, ಚಿಕ್ಕಮಗಳೂರಲ್ಲಿ ಯಾವ ತೋಟಕ್ಕೆ ಹೋದ್ರೂ ಕೇಳಿಸುತ್ತೆ. ನನಗೆ ಅನ್ಸೋದು, ಔಷಧಿ ಅನ್ನೋ ಮಾತೇ ನಮ್ಮ ದಾರಿ ತಪ್ಪಿಸ್ತಿದೆ. ಬೋರರ್ ಅಂದ್ರೆ ಬಿಳಿ ಕಾಂಡಕೊರಕ ಅನ್ನೋ ದುಂಬಿ, ಅದು ತೊಗಟೆಯ ಬಿರುಕಲ್ಲಿ ಮೊಟ್ಟೆ ಇಡುತ್ತೆ, ಮರಿ ಒಳಗೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಇರುತ್ತೆ, ತಾನು ಹೋದ ದಾರಿಗೆ ತಾನೇ ಬಿರಡೆ ಜಡಿದಿರುತ್ತೆ, ಮೇಲಿಂದ ಏನು ಹೊಡೆದ್ರೂ ಅದಕ್ಕೆ ತಲುಪೋದು ಹೇಗೆ? ಹಿಂದೆ ಕಾಂಡಕ್ಕೆ ಲಿಂಡೇನ್ ಅನ್ನೋ ಕೀಟನಾಶಕ ಬಳೀತಿದ್ರು. 2009ರಲ್ಲಿ ಅದು ಸ್ಟಾಕ್‌ಹೋಮ್ ಒಪ್ಪಂದದ ವಿಷಗಳ ಪಟ್ಟಿಗೆ ಸೇರ್ತು, ಆಮೇಲೆ ನಮ್ಮಲ್ಲೂ ನಿಷೇಧ ಆಯ್ತು. ಆಗಿದ್ದು ಒಳ್ಳೇದೇ.

ಹುಳ ಏನೂ ಹೊಸದಲ್ಲ. 1860ರ ದಶಕದಲ್ಲಿ ಮೈಸೂರು, ಕೊಡಗು, ವಯನಾಡಿನ ತೋಟಗಳನ್ನ ಇದು ಹಾಳು ಮಾಡ್ತಿದ್ದಾಗ ಮದ್ರಾಸ್ ಸರ್ಕಾರ ತನಿಖೆಗೆ ಕಳಿಸಿದ್ದು ಒಬ್ಬ ವೈದ್ಯರನ್ನ, ಜಾರ್ಜ್ ಬಿಡಿ ಅಂತ. ಅವರು 1869ರಲ್ಲಿ ಕೊಟ್ಟ ವರದೀಲಿ ಹುಳದ ಜೊತೆ ಬರಗಾಲದ ಬಗ್ಗೆ ಬರೆದ್ರು, ನೆರಳಿನ ಮರ ಕಡಿದು ತೋಟ ಬಯಲು ಮಾಡಿದ್ದರ ಬಗ್ಗೆ ಬರೆದ್ರು, ನೆರಳು ಬೆಳೆಸಿ ಅಂದ್ರು. ಅದೇ 1869ರಲ್ಲಿ ಸಿಲೋನಿನಲ್ಲಿ ಎಲೆ ತುಕ್ಕು ರೋಗ ಕಾಣಿಸ್ಕೊಂಡಿದ್ದು, ಮುಂದೆ ಆ ದ್ವೀಪ ಕಾಫಿ ಬಿಟ್ಟು ಟೀ ಹಿಡೀತು. ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾಗಿದ್ದು 1925ರಲ್ಲಿ, ಅಂದ್ರೆ ಅದಕ್ಕೂ ಅರ್ಧ ಶತಮಾನ ಮುಂಚೆ ಒಬ್ಬ ಡಾಕ್ಟರ್ ಹುಳ, ಮರ, ಮಳೆ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದ್ರು. ಈ ಹೆಣ್ಣು ದುಂಬಿಗೆ ಬಿಸಿಲು ಬಿದ್ದ ಕಾಂಡ ಅಂದ್ರೆ ಇಷ್ಟ, ಅವರು ಹೇಳಿದ ನೆರಳಿನ ಮಾತು ಇವತ್ತಿಗೂ ಮೊದಲ ಸಲಹೆ.

ಈಗ ನನಗೆ ಅತಿ ಇಷ್ಟವಾದ ಭಾಗಕ್ಕೆ ಬರ್ತೀನಿ. ಕೀಟಗಳು ವಾಸನೆಯಿಂದ ಸಂಗಾತೀನ ಕರೀತಾವೆ. 1959ರಲ್ಲಿ ಜರ್ಮನಿಯ ಬ್ಯುಟೆನಾಂಟ್ ಇಂಥ ಮೊದಲ ರಾಸಾಯನಿಕ ಬೇರ್ಪಡಿಸಿದ್ದು ನಮ್ಮ ರೇಷ್ಮೆ ಹುಳದ ಹೆಣ್ಣು ಚಿಟ್ಟೆಯಿಂದ, ಸುಮಾರು 5 ಲಕ್ಷ ಚಿಟ್ಟೆ ಬೇಕಾದ್ವು. ಕಾಂಡಕೊರಕದಲ್ಲಿ ಕರೆಯೋದು ಗಂಡು. ಬಾಳೆಹೊನ್ನೂರಿನ ಕೀಟತಜ್ಞರು, ಇಂಗ್ಲೆಂಡಿನ ನ್ಯಾಚುರಲ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್‌ನ ರಸಾಯನಶಾಸ್ತ್ರಜ್ಞರು ಜೊತೆ ಸೇರಿ ಅದರ ವಾಸನೆ ಪತ್ತೆ ಮಾಡಿ 2006ರಲ್ಲಿ ಪ್ರಕಟಿಸಿದ್ರು, ಹೆಸರು (ಎಸ್)-2-ಹೈಡ್ರಾಕ್ಸಿ-3-ಡೆಕನೋನ್. ಆ ಮುಂದಿನ "ಎಸ್" ಇದೆಯಲ್ಲ, ಕಥೆ ಎಲ್ಲಾ ಅದರಲ್ಲೇ. ಅಷ್ಟೇ ಪರಮಾಣು, ಅದೇ ಜೋಡಣೆ, ಆದ್ರೂ ಅಣು ಎರಡು ರೂಪದಲ್ಲಿ ಇರಬಹುದು, ಒಂದು ಇನ್ನೊಂದರ ಕನ್ನಡಿ ಬಿಂಬ, ಅದರಲ್ಲಿ ಒಂದಕ್ಕೆ "ಎಸ್" ಅಂತ ಗುರುತು. ಎಡಗಾಲಿನ ಚಪ್ಪಲಿ ಬಲಗಾಲಿಗೆ ಕೂರಲ್ಲ ಅನ್ನೋ ಥರ. ಅಥವಾ ಎಡಮುರಿ ಶಂಖ, ಬಲಮುರಿ ಶಂಖ ನೋಡಿ, ಎಷ್ಟು ತಿರುಗಿಸಿದ್ರೂ ಒಂದು ಇನ್ನೊಂದಾಗಲ್ಲ (ಬಲಮುರಿ ಶಂಖ ಮನೇಲಿದ್ರೆ ದುಡ್ಡು ಬರುತ್ತೆ ಅಂತ ನಂಬಿಸಿ ಸಾವಿರಾರು ರೂಪಾಯಿ ಕೀಳ್ತಾರೆ, ದಯವಿಟ್ಟು ಕೊಡಬೇಡಿ, ಅದು ಸುರುಳಿಯ ದಿಕ್ಕು ಅಷ್ಟೇ). ಮೂಗಿಗೇ ಗೊತ್ತಾಗಬೇಕಾ, ಅಡುಗೆಮನೆಗೆ ಹೋಗಿ: ನಮ್ಮ ಮಾಮೂಲಿ ಪುದೀನದಲ್ಲೂ ಸಬ್ಬಸಿಗೆ ಬೀಜದಲ್ಲೂ ಇರೋ ಮುಖ್ಯ ವಾಸನೆ ಕಾರ್ವೋನ್ ಅನ್ನೋ ಒಂದೇ ಅಣು, ಒಂದರಲ್ಲಿ ಎಡ ಇನ್ನೊಂದರಲ್ಲಿ ಬಲ, ವಾಸನೆ ಮಾತ್ರ ಎಲ್ಲಿಂದೆಲ್ಲಿಗೆ! ಲ್ಯಾಬಲ್ಲಿ ಸುಮ್ನೆ ತಯಾರಿಸಿದ್ರೆ ಎರಡೂ ಬೆರಕೆಯಾಗಿ ಬರುತ್ತೆ, ಯಾವುದು ಹುಳದ್ದು ಅಂತ ಹೇಳಕ್ಕೆ ರಸಾಯನಶಾಸ್ತ್ರ ಬೇಕು, ಹುಳ ಬಂತಾ ಅಂತ ನೋಡಕ್ಕೆ ತೋಟದಲ್ಲಿ ಬಿಸಿಲಲ್ಲಿ ನಿಲ್ಲೋರು ಬೇಕು. ಒಬ್ಬರಿಂದ ಆಗೋ ಕೆಲಸವೇ ಅಲ್ಲ.

ಹಾಗಂತ ಈ ವಾಸನೆ ಇಟ್ಟ ಟ್ರ್ಯಾಪ್ ಕಟ್ಟಿದ ತಕ್ಷಣ ಬೋರರ್ ಹೋಗಲ್ಲ. ಹುಳ ಹಾರಕ್ಕೆ ಶುರುವಾಯ್ತು ಅಂತ ತಿಳಿಸೋದರಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತೆ. ಉಳಿದಿದ್ದೆಲ್ಲ ಕೈಯಿಂದಲೇ: ತೆಂಗಿನ ನಾರಿನ ಗ್ಲೌಸ್ ಹಾಕ್ಕೊಂಡು ಕಾಂಡದ ಸಡಿಲ ತೊಗಟೆ ಉಜ್ಜಬೇಕು, ಹುಳ ಬಿದ್ದ ಗಿಡ ಅದು ಹಾರೋ ಮುಂಚೆ ಕಿತ್ತು ಸುಡಬೇಕು. ಹಾರೋದು ಏಪ್ರಿಲ್-ಮೇನಲ್ಲಿ ಒಂದ್ಸಲ, ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಇನ್ನೊಂದ್ಸಲ. ಎರಡನೇ ಸಲ ಹಾರೋ ಹೊತ್ತಿಗೆ ಅರೇಬಿಕಾ ಕೊಯ್ಲು ಶುರುವಾಗುತ್ತೆ, ಹಣ್ಣು ಕುಯ್ಯಕ್ಕೇ ಆಳು ಸಿಗಲ್ಲ, ಟ್ರೇಸಿಂಗ್‌ಗೆ ಯಾರು ಬರ್ತಾರೆ? ನೆರಳಿನ ಕಥೆನೂ ಅಷ್ಟೇ: ಹಾಲುವಾಣ, ಅತ್ತಿ ಮರ ತೆಗೆದು ಸಿಲ್ವರ್ ಓಕ್ ಹಾಕೋದು ಯಾಕೆ ಅಂದ್ರೆ ಮರ ಮಾರಬಹುದು, ಮೆಣಸು ಹಬ್ಬಿಸಬಹುದು. ಇದು ಲೆಕ್ಕಾಚಾರದ ಮಾತು, ಕೂಲಿ ಮಾತು. ಹಾಗಾಗಿ ಕೀಟತಜ್ಞರ ಪಕ್ಕದಲ್ಲಿ ಅರ್ಥಶಾಸ್ತ್ರ ಓದಿದೋರು, ಮರದ ಬಗ್ಗೆ ಗೊತ್ತಿರೋರು, ಮೂವತ್ತು ವರ್ಷ ಕಾಂಡ ಸವರಿರೋ ಆಳುಗಳು ಎಲ್ಲರೂ ಕೂತು ಮಾತಾಡಬೇಕು, ಸಂಶೋಧನೆ ಮುಗಿದ ಮೇಲೆ ಕರಪತ್ರ ಹಂಚಕ್ಕಲ್ಲ, ಶುರುವಲ್ಲೇ. ಅವತ್ತು ಆ ಗಿಡ ತೋರಿಸಿದ್ದು ಕೂಡ ಟ್ರೇಸಿಂಗ್‌ಗೆ ಬಂದಿದ್ದ ಒಬ್ಬ ಅಜ್ಜಿ. ಎಲೆ ನೋಡೋ ಮುಂಚೆ ಅವರ ಕೈಗೆ ಗೊತ್ತಾಗಿತ್ತು.

ಸಂಜೆ ಬೇಲಿ ಹತ್ರ ನಿಂತು ನೋಡಿದ್ರೆ ಪಕ್ಕದ ತೋಟದಲ್ಲಿ ಅಂಥದ್ದೇ ಸೊರಗಿದ ಗಿಡ ಹದಿನೇಳು ಎಣಿಸಿದೆ. ಓನರ್ ಬೆಂಗಳೂರಲ್ಲಿದಾರೆ. ಚಿಕ್ಕಪ್ಪ ಫೋನ್ ಮಾಡಿ, ಕೂಲಿ ನಾನೇ ಕೊಡ್ತೀನಿ, ಕೀಳಿಸ್ಲಾ ಅಂತ ಕೇಳಿದ್ರು. "ದೀಪಾವಳಿಗೆ ಬರ್ತೀನಲ್ಲ ಅಣ್ಣ, ಆಗ ನೋಡೋಣ" ಅಂದ್ರಂತೆ.