ಬೋರ್ಡು ಹಾಕಿದರೆ ಹಕ್ಕಿ ಉಳಿಯುತ್ತಾ?

ಪ್ರಶ್ನೆ: ನಮ್ಮೂರ ಕೆರೆ ಏರಿಯ ಮೇಲೆ ‘ಪಕ್ಷಿಗಳನ್ನು ರಕ್ಷಿಸಿ’ ಅಂತ ಬೋರ್ಡು ನೆಟ್ಟಿದ್ದಾರೆ. ಶಾಲೆಯಲ್ಲಿ ವರ್ಷಕ್ಕೊಂದು ಭಾಷಣವೂ ಇರುತ್ತದೆ. ಇಂಥ ಜಾಗೃತಿಯಿಂದ ನಿಜವಾಗಿ ಏನಾದರೂ ಉಪಯೋಗ ಇದೆಯಾ?

ಉತ್ತರ: ಬರೀ ಬೋರ್ಡಿನಿಂದ ಇಲ್ಲ. ಕಲಿತವರ ಕೈಗೆ ಒಂದು ಕೆಲಸ ಸಿಕ್ಕರೆ ಇದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನೇ ನೋಡಿ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಮನೆ ಪಕ್ಕದ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಇವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರಿನವರು ಹೇಳುತ್ತಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಆದರೆ ಹಕ್ಕಿ ಕೂತ ಮರದಲ್ಲಿ ಹುಣಸೆ ಫಸಲು ಕಡಿಮೆ. ಪ್ರೀತಿ ಇದ್ದರೂ ಲೆಕ್ಕ ಬಿಡೋಕಾಗಲ್ಲ, ಅಲ್ವಾ? ಅದಕ್ಕೇ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುತ್ತದೆ.

1990ರ ದಶಕದಲ್ಲಿ ಮೈಸೂರಿನ ಪ್ರಕೃತಿಪ್ರಿಯರು ಇಲ್ಲಿಗೆ ಬಂದರು. ಭಾಷಣ ಮಾಡಿ ಹೋಗಲಿಲ್ಲ. ಊರಿನ ಹುಡುಗರೊಂದಿಗೆ ಸೇರಿ ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಗೂಡಿನಿಂದ ಬಿದ್ದ ಮರಿಯನ್ನು ಎತ್ತಿ ತಂದು, ಬೇಲಿಯೊಳಗೆ ಇಟ್ಟು, ಮೀನು ತಿನ್ನಿಸಿ, ಹಾರುವಷ್ಟಾದಾಗ ಬಿಡುವುದು ಇವರ ಕೆಲಸ. ಮರಿಗೆ ಮೀನು ತಿನ್ನಿಸಿದ ಹುಡುಗನಿಗೆ ಬೋರ್ಡು ಓದಿ ಹೇಳಬೇಕಾಗಿಲ್ಲ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೂ ಆಯಿತು.

ಮರ ಉಳಿದರೆ ಸಾಕಾ? ಸಾಲದು. ಗೂಡು ಊರಲ್ಲಿದ್ದರೂ ಊಟ ಸುತ್ತಲಿನ ಕೆರೆಗಳಲ್ಲಿ, ಶಿಂಷಾ ಹೊಳೆಯಲ್ಲಿ. ಬಣ್ಣದ ಕೊಕ್ಕರೆ ಮೀನನ್ನು ಕಣ್ಣಿಂದ ಹುಡುಕುವುದು ಕಡಿಮೆ. ಅರೆ ತೆರೆದ ಕೊಕ್ಕನ್ನು ನೀರಲ್ಲಿಟ್ಟು ನಡೆಯುತ್ತದೆ, ಕಾಲಿನಿಂದ ಕೆಸರು ಕಲಕುತ್ತದೆ. ಮೀನು ತಾಗಿದ್ದೇ ಕೊಕ್ಕು ಪಟ್ಟನೆ ಮುಚ್ಚುತ್ತದೆ. ಇದಕ್ಕೆ ಕಾಲು ಊರಿ ನಿಲ್ಲುವಷ್ಟು ಕಡಿಮೆ ಆಳದ ನೀರೇ ಬೇಕು. ‘ಅಭಿವೃದ್ಧಿ’ ಹೆಸರಲ್ಲಿ ಕೆರೆಯನ್ನು ಬಟ್ಟಲಿನ ಹಾಗೆ ಆಳ ಮಾಡಿ ಸುತ್ತ ಕಲ್ಲು ಕಟ್ಟಿದರೆ ಈ ಹಕ್ಕಿ ನಿಲ್ಲುವುದೆಲ್ಲಿ? ನನಗೆ ಕೇಳಿದರೆ, ಹಕ್ಕಿಗೆ ಕಲ್ಲು ಹೊಡೆಯುವ ಪೋರನಿಗಿಂತ ಈ ಕಲ್ಲಿನ ಗೋಡೆಯೇ ಜಾಸ್ತಿ ಅಪಾಯ.

ಹಾಗಾಗಿ ಫೆಬ್ರುವರಿ 2ರ ಜೌಗುಭೂಮಿ ದಿನ ಮಕ್ಕಳನ್ನು ಸಭಾಂಗಣದಲ್ಲಿ ಕೂರಿಸಬೇಡಿ, ಕೆರೆಗೆ ಕರೆದುಕೊಂಡು ಹೋಗಿ. ದಡದಲ್ಲಿ ಯಾವ ಹಕ್ಕಿ ನಿಂತಿದೆ, ನಡುವೆ ಯಾವುದು ಈಜುತ್ತಿದೆ ಅಂತ ಒಂದು ಪುಸ್ತಕದಲ್ಲಿ ಬರೆಸಿ. ಪ್ರತಿ ತಿಂಗಳೂ ಬರೆಸಿ. ಮುಂದೆ ಗ್ರಾಮಸಭೆಯಲ್ಲಿ ಹೂಳೆತ್ತುವ ಮಾತು ಬಂದಾಗ, ‘ಒಂದು ಕಡೆ ದಡ ಇಳಿಜಾರಾಗೇ ಇರಲಿ’ ಅಂತ ಆ ಪುಸ್ತಕ ಹಿಡಿದುಕೊಂಡೇ ಕೇಳಬಹುದು.